ಆಟಗಾರನಿಂದ ಗುರುವಿನವರೆಗೆ: ಕಾರ್ಲ್‌ಟನ್ ಚಾಪ್‌ಮನ್

ಮಧ್ಯಾಹ್ನದ ಊಟದ ಗಂಟೆ ಬಾರಿಸಿತೆಂದರೆ ಸಾಕು, ನಮ್ಮ ಶಾಲೆಯ ಮೈದಾನಕ್ಕೆ ಜೀವ ಬರುತ್ತದೆ. ಬುತ್ತಿಯ ಮುಚ್ಚಳ ಹಾಕುವಷ್ಟರಲ್ಲಿ ಎರಡು ಪಂಗಡಗಳಾಗಿರುತ್ತವೆ. ಕನ್ನಡ, ಮಲಯಾಳ, ತುಳು, ಬ್ಯಾರಿ ಭಾಷೆಗಳಲ್ಲಿ "ಚೆಂಡು ಇತ್ತ ಕೊಡು" ಎಂಬ ಕೂಗು ಒಟ್ಟಿಗೇ ಕೇಳಿಬರುತ್ತದೆ. ಅಲ್ಲಿ ದಿನವೂ ನಡೆಯುವ ಒಂದು ಜಗಳವಿದೆ. ಎಲ್ಲರಿಗೂ ಮುಂದೆ ನಿಂತು ಗೋಲು ಹೊಡೆಯಬೇಕು. ನಡುವೆ ನಿಂತು ಚೆಂಡು ಹಂಚಿಕೊಡಲು ಯಾರೂ ಒಪ್ಪುವುದಿಲ್ಲ. ಹಿಂದೆ ನಿಂತು ತಡೆಯಲು ಮನಸ್ಸಿಲ್ಲ. ಗೋಲಿನ ಬಾಯಲ್ಲಿ ನಿಲ್ಲುವ ಕೆಲಸವಂತೂ ತಡವಾಗಿ ಬಂದವನ ಪಾಲು.

ಆಟದಲ್ಲಿ ಗೋಲು ಹೊಡೆದವನ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ನಿಜ. ಆದರೆ ಅವನಿಗೆ ಚೆಂಡು ತಲುಪಿಸಿದವನು ಯಾರು? ಅವನು ಎಲ್ಲಿ ನಿಲ್ಲಬೇಕೆಂದು ಹೇಳಿಕೊಟ್ಟವನು ಯಾರು? ಕಾಲಿನ ಕಸುವು ಇಳಿದ ಮೇಲೆ ಅದೇ ಆಟಗಾರ ಏನಾಗುತ್ತಾನೆ? ಈ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಇವಕ್ಕೆ ಉತ್ತರ ಹುಡುಕಲು ಬೆಂಗಳೂರಿನ ಒಬ್ಬ ಕಾಲ್ಚೆಂಡಾಟಗಾರನ ಜೀವನವನ್ನು ಈ ಲೇಖನದಲ್ಲಿ ನೋಡೋಣ. ಹೋಲಿಕೆಗಾಗಿ ಅದೇ ತಲೆಮಾರಿನ ಕೊರಿಯಾ ದೇಶದ ಒಬ್ಬ ಹೆಸರಾಂತ ಆಟಗಾರನ ಕಥೆಯನ್ನೂ ಜೊತೆಗಿಟ್ಟುಕೊಳ್ಳೋಣ.

ಬೆಂಗಳೂರಿನ ಪರಂಪರೆ

ಕರ್ನಾಟಕವೆಂದರೆ ಕ್ರಿಕೆಟ್, ಕಾಲ್ಚೆಂಡೆಂದರೆ ಕಲ್ಕತ್ತ, ಗೋವಾ, ಕೇರಳ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಇದು ಪೂರ್ತಿ ಸರಿಯಲ್ಲ. ಸ್ವತಂತ್ರ ಭಾರತವು ಮೊದಲ ಬಾರಿಗೆ ಭಾಗವಹಿಸಿದ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ಮೈಸೂರು ರಾಜ್ಯದ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಅಂದು ಬರಿಗಾಲಿನಲ್ಲಿ ಆಡಿದ್ದರು. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಅದೇ ತಂಡದಲ್ಲಿದ್ದರು.

ಅಹ್ಮದ್ ಖಾನ್ ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಸೇರಿದರು. 1949ರಿಂದ 1953ರವರೆಗೆ ಆ ಕ್ಲಬ್ಬಿನ ಮುಂಚೂಣಿಯಲ್ಲಿ ಆಡಿದ ಐವರನ್ನು ಅಲ್ಲಿನ ಜನ 'ಪಂಚಪಾಂಡವರು' ಎಂದೇ ಕರೆದರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಅಹ್ಮದ್ ಖಾನ್, ಸಾಲೆ ಎಂಬ ಈ ಐವರೂ ದಕ್ಷಿಣ ಭಾರತದವರು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47, 1952-53, 1967-68, 1968-69 ಹೀಗೆ ನಾಲ್ಕು ಬಾರಿ ಗೆದ್ದಿತು. ಐದನೆಯ ಗೆಲುವು ಬರಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿತು. ಈ ದೀರ್ಘ ಕಾಯುವಿಕೆಯ ಕಾಲದಲ್ಲಿ ಬೆಂಗಳೂರಿನಿಂದ ಹೊರಟು ಭಾರತ ತಂಡದ ನಾಯಕನ ಪಟ್ಟಕ್ಕೇರಿದವರು ಕಾರ್ಲ್‌ಟನ್ ಚಾಪ್‌ಮನ್.

ಕಲಿಕೆಯ ದಿನಗಳು

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. 1980ರ ದಶಕದ ಮಧ್ಯಭಾಗದಲ್ಲಿ, ಅಂದರೆ ಇಂದಿನ ನಮ್ಮ ವಯಸ್ಸಿನಲ್ಲಿ, ಅವರು ಅಲ್ಲಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಅಭ್ಯಾಸಕ್ಕೆ ಸೇರಿದರು. ನಂತರ ಸದರ್ನ್ ಬ್ಲೂಸ್ ಎಂಬ ಸ್ಥಳೀಯ ಕ್ಲಬ್ಬಿನಲ್ಲಿ ಆಡಿದರು. 1990ರಲ್ಲಿ ಬಿಹಾರದ (ಇಂದಿನ ಜಾರ್ಖಂಡ್) ಜಮ್‌ಷೆಡ್‌ಪುರಕ್ಕೆ ಹೋಗಿ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಸೇರಿದರು.

ಈ ಅಕಾಡೆಮಿಯ ಬಗ್ಗೆ ಒಂದೆರಡು ಮಾತು ಅಗತ್ಯ. ಉಕ್ಕಿನ ಕಾರ್ಖಾನೆಯ ಊರಿನಲ್ಲಿ 1987ರಲ್ಲಿ ಆರಂಭವಾದ ಇದು ಹುಡುಗರಿಗೆ ಊಟ, ವಸತಿ, ವಿದ್ಯಾಭ್ಯಾಸ, ಆಟದ ಶಿಕ್ಷಣ ಎಲ್ಲವನ್ನೂ ಒಂದೇ ಕಡೆ ಕೊಡುವ ಗುರುಕುಲ. ಅದಕ್ಕೂ ಮೊದಲು ನಮ್ಮ ದೇಶದ ಆಟಗಾರರು ಬೀದಿಯಲ್ಲಿ, ಬಯಲಿನಲ್ಲಿ ತಾವಾಗಿ ಕಲಿತು, ಯಾರಾದರೊಬ್ಬರ ಕಣ್ಣಿಗೆ ಬಿದ್ದು ಮೇಲೆ ಬರುತ್ತಿದ್ದರು. ಕಣ್ಣಿಗೆ ಬೀಳದವರು ಅಲ್ಲೇ ಉಳಿಯುತ್ತಿದ್ದರು. ಚೆಂಡನ್ನು ನಿಲ್ಲಿಸುವುದು, ತಿರುಗಿಸುವುದು, ನೋಡಿ ಕೊಡುವುದು ಇವೆಲ್ಲವೂ ಪಾಠದಂತೆ ಕ್ರಮವಾಗಿ ಕಲಿಯಬೇಕಾದ ವಿದ್ಯೆಗಳೆಂದು ತೋರಿಸಿಕೊಟ್ಟದ್ದು ಇಂಥ ಸಂಸ್ಥೆಗಳು. ಚಾಪ್‌ಮನ್ ಅದರ ಆರಂಭದ ಫಲಗಳಲ್ಲಿ ಒಬ್ಬರು.

ಮೈದಾನದಲ್ಲಿ ಚಾಪ್‌ಮನ್

1993ರಲ್ಲಿ ಅವರು ಈಸ್ಟ್ ಬೆಂಗಾಲ್ ಸೇರಿದರು. ಅಹ್ಮದ್ ಖಾನರು ತುಳಿದ ದಾರಿಯನ್ನೇ ನಾಲ್ಕು ದಶಕಗಳ ಬಳಿಕ ಇನ್ನೊಬ್ಬ ಬೆಂಗಳೂರಿಗ ತುಳಿದಂತಾಯಿತು. ಆ ವರ್ಷವೇ ಏಷ್ಯದ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಜವ್ರಾ ತಂಡದ ಎದುರು ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಇರಾಕಿನ ತಂಡಗಳು ಏಷ್ಯದಲ್ಲಿ ಬಲಿಷ್ಠವೆನಿಸಿದ್ದವು. ಆ ಪಂದ್ಯದಲ್ಲಿ ಮೂರು ಗೋಲು ಹೊಡೆದವರು 22 ವರ್ಷದ ಚಾಪ್‌ಮನ್.

ಆದರೆ ಒಂದು ವಿಷಯವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಚಾಪ್‌ಮನ್ ಮೂಲತಃ ಮುಂಚೂಣಿಯ ಆಟಗಾರರಲ್ಲ, ಮಧ್ಯಪಂಕ್ತಿಯವರು. ಹನ್ನೊಂದು ಮಂದಿಯ ತಂಡದಲ್ಲಿ ಹಿಂದಿನವರು ತಡೆಯುತ್ತಾರೆ, ಮುಂದಿನವರು ಹೊಡೆಯುತ್ತಾರೆ, ನಡುವಿನವರು ಈ ಎರಡೂ ಕೆಲಸಗಳನ್ನು ಬೆಸೆಯುತ್ತಾರೆ. ಚೆಂಡು ಕಾಲಿಗೆ ಬರುವ ಮೊದಲೇ ಯಾರು ಎಲ್ಲಿದ್ದಾರೆಂದು ನೋಡಿಕೊಂಡಿರಬೇಕು. ಗೋಲು ಹೊಡೆಯುವ ಶಕ್ತಿಯಿದ್ದೂ ಇನ್ನೊಬ್ಬನು ತನಗಿಂತ ಒಳ್ಳೆಯ ಸ್ಥಾನದಲ್ಲಿದ್ದರೆ ಚೆಂಡನ್ನು ಅವನಿಗೆ ಕೊಡಬೇಕು. ಈ ಕೊಡುವ ಗುಣವೇ ಅವರ ಮುಂದಿನ ಜೀವನಕ್ಕೂ ಅಡಿಪಾಯವಾಯಿತೆಂದು ನಮಗೆ ತೋರುತ್ತದೆ.

1995ರಲ್ಲಿ ಅವರು ಪಂಜಾಬಿನ ಫಗ್ವಾರಾದ ಜೆ.ಸಿ.ಟಿ. ತಂಡಕ್ಕೆ ಹೋದರು. ಬಟ್ಟೆ ಗಿರಣಿಯೊಂದು ನಡೆಸುತ್ತಿದ್ದ ತಂಡವದು. ಅಲ್ಲಿ ಅವರ ಮುಂದೆ ಆಡಿದವರು ತ್ರಿಶೂರಿನ ಐ.ಎಂ. ವಿಜಯನ್ ಮತ್ತು ಸಿಕ್ಕಿಮಿನ ಬೈಚುಂಗ್ ಭುಟಿಯಾ. ಒಬ್ಬ ಕೇರಳದವನು, ಒಬ್ಬ ಹಿಮಾಲಯದ ತಪ್ಪಲಿನವನು, ಚೆಂಡು ಹಂಚಲು ಬೆಂಗಳೂರಿನವನು! ಚಾಪ್‌ಮನ್ ಇದ್ದ ಕಾಲದಲ್ಲಿ ಜೆ.ಸಿ.ಟಿ. ಒಟ್ಟು 14 ಪಂದ್ಯಾವಳಿಗಳನ್ನು ಗೆದ್ದಿತು. 1996-97ರಲ್ಲಿ ದೇಶದಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ನಡೆದಾಗ ಚಾಂಪಿಯನ್ ಆದದ್ದು ಈ ತಂಡವೇ. ಆ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಬೈಚುಂಗ್, 14 ಗೋಲುಗಳು. ದಾಖಲೆಯ ಪುಸ್ತಕದಲ್ಲಿ ಗೋಲುಗಳ ಲೆಕ್ಕವಿದೆ. ಅವುಗಳ ಹಿಂದಿನ ಕಾಲುಗಳ ಲೆಕ್ಕ ನೋಡಿದವರ ನೆನಪಿನಲ್ಲಿ ಮಾತ್ರ ಉಳಿದಿದೆ.

1997ರಲ್ಲಿ ಚಾಪ್‌ಮನ್ ನಮ್ಮ ರಾಜ್ಯಕ್ಕೆ ಬಂದರು. ಆ ವರ್ಷ ಕೊಚ್ಚಿಯಲ್ಲಿ ಎಫ್.ಸಿ. ಕೊಚ್ಚಿನ್ ಎಂಬ ಹೊಸ ಕ್ಲಬ್ ಹುಟ್ಟಿತ್ತು. ಕಚೇರಿ ಕೆಲಸದ ಹಂಗಿಲ್ಲದೆ ಆಟವನ್ನೇ ವೃತ್ತಿಯಾಗಿಸಿಕೊಂಡ ಆಟಗಾರರ ಕ್ಲಬ್ ಎಂದು ಅದು ದೇಶದಲ್ಲೆಲ್ಲ ಸುದ್ದಿಯಾಯಿತು. ವಿಜಯನ್, ಜೋಪೋಲ್ ಅಂಚೇರಿ, ಚಾಪ್‌ಮನ್ ಮುಂತಾದವರು ಅಲ್ಲಿ ಕೂಡಿಕೊಂಡರು. 1888ರಲ್ಲಿ ಆರಂಭವಾದ ಡ್ಯುರಾಂಡ್ ಕಪ್ಪನ್ನು ಅದೇ ವರ್ಷ ಈ ತಂಡ ಗೆದ್ದಿತು. ಕೇರಳದ ತಂಡವೊಂದು ಆ ಕಪ್ಪನ್ನು ಎತ್ತಿದ್ದು ಅದೇ ಮೊದಲು.

1998ರಲ್ಲಿ ಚಾಪ್‌ಮನ್ ಮರಳಿ ಈಸ್ಟ್ ಬೆಂಗಾಲಿಗೆ ಹೋದರು. ಅವರ ನಾಯಕತ್ವದಲ್ಲಿ ಆ ಕ್ಲಬ್ 2000-01ರ ರಾಷ್ಟ್ರೀಯ ಲೀಗನ್ನು ಗೆದ್ದಿತು. 1920ರಲ್ಲಿ ಸ್ಥಾಪನೆಯಾದ ಆ ಹಳೆಯ ಕ್ಲಬ್ಬಿಗೆ ಅದು ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ. 1995ರಿಂದ 2001ರವರೆಗೆ ಅವರು ಭಾರತ ತಂಡದಲ್ಲಿ ಆಡಿದರು, ಕೆಲ ಕಾಲ ಅದರ ನಾಯಕರೂ ಆಗಿದ್ದರು. 1997ರಲ್ಲಿ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯದ ಸ್ಯಾಫ್ ಕಪ್ಪನ್ನು ಗೆದ್ದ ತಂಡದಲ್ಲಿ ಅವರೂ ಇದ್ದರು. 2001ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಅವರು ವೃತ್ತಿ ಆಟದಿಂದ ನಿವೃತ್ತರಾದರು.

ಮೂವತ್ತಕ್ಕೇ ನಿವೃತ್ತಿ!

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಮಾಸ್ತರುಗಳಲ್ಲಿ ಹಲವರು ಮೂವತ್ತರ ಆಸುಪಾಸಿನಲ್ಲಿ ಕೆಲಸಕ್ಕೆ ಸೇರಿದವರು. ವಕೀಲರಿಗೆ, ವೈದ್ಯರಿಗೆ ಆ ವಯಸ್ಸಿನಲ್ಲಿ ವೃತ್ತಿ ಆರಂಭವಾಗುತ್ತದೆ. ಆಟಗಾರನಿಗೆ ಮಾತ್ರ ಅದು ಮುಗಿಯುವ ಹೊತ್ತು. ಹದಿನಾಲ್ಕನೆಯ ವಯಸ್ಸಿನಿಂದ ಕಲಿತದ್ದೆಲ್ಲವೂ ಕಾಲಿನಲ್ಲಿದೆ, ಆ ಕಾಲು ಇನ್ನು ಓಡುವುದಿಲ್ಲ. ಮುಂದೆ ಅರ್ಧ ಆಯುಷ್ಯಕ್ಕಿಂತ ಹೆಚ್ಚು ಬಾಕಿಯಿದೆ.

ಅದೂ ಅಲ್ಲದೆ, ಆಟಗಾರನು ಬೆವರು ಸುರಿಸಿದ ಮನೆಗಳೇ ಉಳಿಯುತ್ತವೆಂಬ ಭರವಸೆಯೂ ನಮ್ಮ ದೇಶದಲ್ಲಿಲ್ಲ. ಎಫ್.ಸಿ. ಕೊಚ್ಚಿನ್ ಹಣದ ಮುಗ್ಗಟ್ಟಿನಿಂದ 2002ರಲ್ಲಿ ಮುಚ್ಚಿಹೋಯಿತು. ಹುಟ್ಟಿ ಐದೇ ವರ್ಷ! ಮೊದಲ ಲೀಗ್ ಗೆದ್ದ ಜೆ.ಸಿ.ಟಿ. 2011ರಲ್ಲಿ ತನ್ನ ತಂಡವನ್ನು ವಿಸರ್ಜಿಸಿತು. ರಾಷ್ಟ್ರೀಯ ಲೀಗ್ ಎಂಬ ಪಂದ್ಯಾವಳಿಯೂ 2007ರಲ್ಲಿ ಕೊನೆಗೊಂಡು ಅದರ ಜಾಗಕ್ಕೆ ಐ-ಲೀಗ್ ಬಂತು. ಚಾಪ್‌ಮನ್ ಆಡಿದ ಮೂರು ದೊಡ್ಡ ಕ್ಲಬ್ಬುಗಳಲ್ಲಿ ಇಂದಿಗೂ ಉಳಿದಿರುವುದು ಈಸ್ಟ್ ಬೆಂಗಾಲ್ ಒಂದೇ.

ಹೀಗಿರುವಾಗ ಆಟಗಾರನು ಗಳಿಸಿದ ವಿದ್ಯೆ ಎಲ್ಲಿ ಉಳಿಯಬೇಕು? ಇನ್ನೊಬ್ಬರ ಕಾಲಿಗೆ ದಾಟಿಸಿದರೆ ಮಾತ್ರ ಅದು ಉಳಿದೀತು. ಚಾಪ್‌ಮನ್ ಆರಿಸಿಕೊಂಡ ದಾರಿ ಅದೇ.

ಗುರುವಾಗಿ ಚಾಪ್‌ಮನ್

2002ರಲ್ಲಿ ಅವರು ತಾವು ಕಲಿತ ಟಾಟಾ ಫುಟ್‌ಬಾಲ್ ಅಕಾಡೆಮಿಗೇ ತರಬೇತುದಾರರಾಗಿ ಮರಳಿದರು. ಕಲಿತ ಶಾಲೆಗೇ ಮಾಸ್ತರಾಗಿ ಬಂದಂತೆ ಇದು. ಬಳಿಕ ಮೇಘಾಲಯದ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ ಕ್ಲಬ್ಬಿನ ಹೊಣೆ ಹೊತ್ತರು. ಅದು ಆಗ ದೇಶದ ದೊಡ್ಡ ಕ್ಲಬ್ಬುಗಳಲ್ಲೊಂದಾಗಿರಲಿಲ್ಲ. ಎರಡನೆಯ ದರ್ಜೆಯಲ್ಲಿ ಆಡುತ್ತ ಮೇಲೇರಲು ಹಂಬಲಿಸುತ್ತಿದ್ದ ಗುಡ್ಡಗಾಡಿನ ಹುಡುಗರ ತಂಡ. ಅವರ ಕಾಲದಲ್ಲಿ ಅದು ಶಿಲ್ಲಾಂಗಿನ ಲೀಗಿನಲ್ಲಿ ಅಗ್ರಸ್ಥಾನಕ್ಕೆ ಬಂತು. ಮುಂದೆ ಬೇರೆ ತರಬೇತುದಾರರ ಕೈಯಲ್ಲಿ ಅದೇ ಕ್ಲಬ್ 2014-15ರ ಐ-ಲೀಗಿನಲ್ಲಿ, ತನ್ನ ಮೊದಲ ಪ್ರವೇಶದಲ್ಲೇ, ಮೂರನೆಯ ಸ್ಥಾನ ಪಡೆಯಿತು. ನೆಟ್ಟವನೊಬ್ಬ, ಹಣ್ಣು ಕೊಯ್ದವನು ಇನ್ನೊಬ್ಬ. ಕಂಗಿನ ತೋಟದ ನಾಡಿನವರಾದ ನಮಗೆ ಇದು ಹೊಸತಲ್ಲ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕೊಯ್ಯುವುದು ನಮ್ಮಲ್ಲಿ ವಾಡಿಕೆಯೇ ಆಗಿದೆ.

ಅನಂತರ ಕಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ ಹೀಗೆ ಒಂದರ ಬಳಿಕ ಒಂದು ಕ್ಲಬ್ಬಿನಲ್ಲಿ ಅವರು ಕಲಿಸಿದರು. ಕೊನೆಯ ಕೆಲಸ ನಮ್ಮ ಪಕ್ಕದ ಕೋಝಿಕ್ಕೋಡಿನಲ್ಲಿ. ಅಲ್ಲಿನ ಕ್ವಾರ್ಟ್ಸ್ ಎಂಬ ಕ್ಲಬ್ಬಿನ ತಾಂತ್ರಿಕ ನಿರ್ದೇಶಕರಾಗಿದ್ದರು. ನಮ್ಮ ಕಾಸರಗೋಡಿನಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ಭಾರತ ತಂಡದ ಮಾಜಿ ನಾಯಕರೊಬ್ಬರು ಅಲ್ಲಿ ಮಲಬಾರಿನ ಹುಡುಗರ ಕ್ಲಬ್ಬಿಗೆ ದುಡಿಯುತ್ತಿದ್ದುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡರು. ಆಗ ಅವರಿಗೆ 49 ವರ್ಷ. ಕೊರೋನಾ ಕಾಲವಾದ್ದರಿಂದ ಮೈದಾನಗಳೆಲ್ಲ ನಿಶ್ಶಬ್ದವಾಗಿದ್ದವು. ವೃತ್ತಿ ಆಟಗಾರನಾಗಿ ಅವರು ದೊಡ್ಡ ಕ್ಲಬ್ಬುಗಳಲ್ಲಿ ಆಡಿದ್ದು 1993ರಿಂದ 2001ರವರೆಗೆ, ಎಂಟು ವರ್ಷ. ಕಲಿಸುವ ದಾರಿಯಲ್ಲಿದ್ದದ್ದು 2002ರಿಂದ ಕೊನೆಯವರೆಗೆ, ಹದಿನೆಂಟು ವರ್ಷ. ಜನ ನೆನಪಿಟ್ಟದ್ದು ಆ ಎಂಟನ್ನು. ನಾವು ಈ ಹದಿನೆಂಟನ್ನೂ ನೆನೆಯಬೇಕು.

ಕೊರಿಯಾದ ಒಂದು ಹೋಲಿಕೆ

1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡೆಗಳ ಕಾಲ್ಚೆಂಡಿನ ಅಂತಿಮ ಪಂದ್ಯದಲ್ಲಿ ಭಾರತವು ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ಗೋಲು ಹೊಡೆದರು. ಆ ತಂಡವನ್ನು ಕಟ್ಟಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ, ವೃತ್ತಿಯಿಂದ ಶಾಲಾ ಅಧ್ಯಾಪಕರು! ಅಂದರೆ ಆರು ದಶಕಗಳ ಹಿಂದೆ ನಾವು ಕೊರಿಯಾಕ್ಕಿಂತ ಕಡಿಮೆಯವರಾಗಿರಲಿಲ್ಲ. ರಹೀಂ ಮರುವರ್ಷವೇ ತೀರಿಕೊಂಡರು. ಏಷ್ಯನ್ ಕ್ರೀಡೆಗಳ ಚಿನ್ನ ಭಾರತಕ್ಕೆ ಮತ್ತೆ ದಕ್ಕಲಿಲ್ಲ.

ಕೊರಿಯಾ 1983ರಲ್ಲಿ ಐದು ತಂಡಗಳಿಂದ ತನ್ನ ಲೀಗನ್ನು ಆರಂಭಿಸಿತು. ನಮ್ಮದು ಆರಂಭವಾದದ್ದು 1996ರಲ್ಲಿ, 13 ವರ್ಷ ತಡವಾಗಿ. ಆ ಲೀಗಿನಿಂದ ಮೇಲೆ ಬಂದವರಲ್ಲಿ ಹ್ವಾಂಗ್ ಸುನ್‌ಹೋಂಗ್ ಒಬ್ಬರು. ಹುಟ್ಟಿದ್ದು 1968ರಲ್ಲಿ, ಚಾಪ್‌ಮನ್ನರಿಗಿಂತ ಮೂರು ವರ್ಷ ಹಿರಿಯರು. ಚಾಪ್‌ಮನ್ ಈಸ್ಟ್ ಬೆಂಗಾಲ್ ಸೇರಿದ 1993ರಲ್ಲೇ ಹ್ವಾಂಗ್ ಪೊಹಾಂಗ್ ಕ್ಲಬ್ಬಿನಲ್ಲಿ ಆಡತೊಡಗಿದರು. ಪೊಹಾಂಗ್ ಕೂಡ ಜಮ್‌ಷೆಡ್‌ಪುರದಂತೆ ಉಕ್ಕಿನ ಕಾರ್ಖಾನೆಯ ಊರು, ಅಲ್ಲಿನ ಕ್ಲಬ್ಬನ್ನು ಕಟ್ಟಿ ಸಾಕಿದ್ದೂ ಉಕ್ಕಿನ ಸಂಸ್ಥೆಯೇ.

ಹ್ವಾಂಗ್ ಅಪ್ಪಟ ಸ್ಟ್ರೈಕರ್, ಗೋಲು ಹೊಡೆಯುವುದೇ ಕಸುಬು. ದೇಶದ ಪರವಾಗಿ 103 ಪಂದ್ಯಗಳಲ್ಲಿ 50 ಗೋಲು ಹೊಡೆದರು. ಆದರೂ ಅವರ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. 1994ರ ವಿಶ್ವಕಪ್ಪಿನಲ್ಲಿ ಬೊಲಿವಿಯಾದ ಎದುರು ಸಿಕ್ಕಿದ ಅವಕಾಶಗಳನ್ನು ಕಳೆದುಕೊಂಡಾಗ ಸ್ವದೇಶದವರೇ ಅವರನ್ನು ಕಟುವಾಗಿ ನಿಂದಿಸಿದರು. 1998ರ ವಿಶ್ವಕಪ್ಪಿಗೆ ತುಸು ಮೊದಲು ಚೀನಾದ ಎದುರಿನ ಅಭ್ಯಾಸ ಪಂದ್ಯದಲ್ಲಿ ಗಾಯಗೊಂಡು, ಆ ಕೂಟದಲ್ಲಿ ಆಡಲಾಗಲಿಲ್ಲ. 2002ರಲ್ಲಿ ಸ್ವದೇಶದಲ್ಲೇ ವಿಶ್ವಕಪ್ ನಡೆಯಿತು. ಅಲ್ಲಿಯವರೆಗೆ ವಿಶ್ವಕಪ್ಪಿನ 14 ಪಂದ್ಯಗಳಲ್ಲಿ ಕೊರಿಯಾ ಒಂದನ್ನೂ ಗೆದ್ದಿರಲಿಲ್ಲ. ಜೂನ್ 4ರಂದು ಬುಸಾನಿನಲ್ಲಿ ಪೋಲೆಂಡಿನ ವಿರುದ್ಧ ಮೊದಲ ಗೋಲು ಹೊಡೆದವರು 33 ವರ್ಷದ ಹ್ವಾಂಗ್. ಕೊರಿಯಾ 2-0ರಿಂದ ಗೆದ್ದು, ಮುಂದೆ ಸೆಮಿಫೈನಲಿನವರೆಗೂ ಹೋಯಿತು.

ಆಟ ನಿಲ್ಲಿಸಿದ ಮೇಲೆ ಅವರು ನೇರವಾಗಿ ದೊಡ್ಡ ಕುರ್ಚಿಯಲ್ಲಿ ಕೂರಲಿಲ್ಲ. ಮೊದಲು ಸಹಾಯಕ ತರಬೇತುದಾರರಾಗಿ ದುಡಿದರು. 2008ರಲ್ಲಿ ಬುಸಾನ್ ಕ್ಲಬ್ಬಿನ ಮ್ಯಾನೇಜರರಾದರು. 2011ರಲ್ಲಿ ತಮ್ಮ ಹಳೆಯ ಪೊಹಾಂಗಿಗೆ ಮರಳಿದರು. 2013ರ ಹಂಗಾಮಿನಲ್ಲಿ ಪೊಹಾಂಗ್ ತಂಡದಲ್ಲಿ ವಿದೇಶಿ ಆಟಗಾರ ಒಬ್ಬನೂ ಇರಲಿಲ್ಲ. ಉಳಿದ ಕ್ಲಬ್ಬುಗಳು ಹೊರದೇಶದ ಸ್ಟ್ರೈಕರುಗಳನ್ನು ನೆಚ್ಚಿಕೊಂಡಿದ್ದವು. ಹ್ವಾಂಗ್ ತಮ್ಮ ಹುಡುಗರಿಗೆ ಚಿಕ್ಕ ಚಿಕ್ಕ ಪಾಸುಗಳ ಆಟ ಕಲಿಸಿದರು.

ಡಿಸೆಂಬರ್ 1ರಂದು ಲೀಗಿನ ಕೊನೆಯ ಪಂದ್ಯ ಉಲ್ಸಾನಿನಲ್ಲಿ. ಉಲ್ಸಾನಿಗೆ ಸಮಬಲವಾದರೂ ಸಾಕು, ಪೊಹಾಂಗಿಗೆ ಗೆಲುವೇ ಬೇಕು. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ನಿಮಿಷಗಳೂ ಮುಗಿಯುತ್ತಿದ್ದಾಗ ಗೋಲಿನ ಮುಂದಿನ ನೂಕುನುಗ್ಗಲಿನಲ್ಲಿ ಕಿಮ್ ವೊನ್‌ಇಲ್ ಚೆಂಡನ್ನು ಬಲೆಗೆ ನೂಕಿದರು. ಪೊಹಾಂಗ್ 74 ಅಂಕ, ಉಲ್ಸಾನ್ 73! ಅದೇ ವರ್ಷ ಎಫ್.ಎ. ಕಪ್ಪನ್ನೂ ಗೆದ್ದಿದ್ದ ಪೊಹಾಂಗ್, ಕೊರಿಯಾದಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಒಂದೇ ವರ್ಷ ಗೆದ್ದ ಮೊದಲ ತಂಡವೆನಿಸಿತು.

ಗಮನಿಸಿರಿ, ಗೋಲು ಹೊಡೆದ ಕಿಮ್ ವೊನ್‌ಇಲ್ ಸ್ಟ್ರೈಕರ್ ಅಲ್ಲ, ಹಿಂದೆ ನಿಂತು ತಡೆಯುವ ರಕ್ಷಣಾ ಆಟಗಾರ. ಐವತ್ತು ಗೋಲು ಹೊಡೆದ ದೊಡ್ಡ ಸ್ಟ್ರೈಕರ್ ಆ ಹೊತ್ತಿನಲ್ಲಿ ಗೆರೆಯಾಚೆ ನಿಂತು ನೋಡುತ್ತಿದ್ದರು. ಅವರ ಕಾಲಿಗೆ ಅಲ್ಲಿ ಕೆಲಸವಿರಲಿಲ್ಲ.

2016ರಲ್ಲಿ ಸೋಲ್ ನಗರದ ಕ್ಲಬ್ಬಿನೊಡನೆ ಅವರು ಮತ್ತೆ ಲೀಗ್ ಗೆದ್ದರು. 2018ರಲ್ಲಿ ತಂಡ ಸೋಲತೊಡಗಿದಾಗ ರಾಜೀನಾಮೆ ಕೊಡಬೇಕಾಯಿತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಅವರ ತರುಣ ತಂಡ ಜಪಾನನ್ನು 2-1ರಿಂದ ಸೋಲಿಸಿ ಚಿನ್ನ ಪಡೆಯಿತು. 2024ರ ಏಪ್ರಿಲಿನಲ್ಲಿ ಅದೇ ದರ್ಜೆಯ ತಂಡ ಇಂಡೋನೇಷ್ಯಕ್ಕೆ ಪೆನಾಲ್ಟಿಯಲ್ಲಿ ಸೋತಿತು. 1988ರಿಂದ ಸತತ ಒಂಬತ್ತು ಒಲಿಂಪಿಕ್ಸುಗಳಲ್ಲಿ ಆಡಿದ್ದ ಕೊರಿಯಾ ಈ ಸೋಲಿನಿಂದ ಪ್ಯಾರಿಸ್ಸಿಗೆ ಹೋಗಲಾಗಲಿಲ್ಲ. ಅದೇ ವರ್ಷದ ಜೂನಿನಲ್ಲಿ ಅವರು ತೇಜೋನ್ ಎಂಬ ಕ್ಲಬ್ಬಿನ ಹೊಣೆಯನ್ನು ಮತ್ತೊಮ್ಮೆ ಹೊತ್ತರು. ಗೆಲುವು ಸೋಲು ಎರಡೂ ಗುರುವಿನ ತಲೆಯ ಮೇಲೆಯೇ ಬೀಳುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇಬ್ಬರಲ್ಲಿ ಅಂತರವೇನು?

ಹ್ವಾಂಗ್ ದೊಡ್ಡವರು, ಚಾಪ್‌ಮನ್ ಸಣ್ಣವರು ಎಂದು ಹೇಳಲು ಈ ಹೋಲಿಕೆಯಲ್ಲ. ಇಬ್ಬರೂ ಉಕ್ಕಿನ ಊರಿನ ಸಂಸ್ಥೆಗಳ ಅನ್ನ ಉಂಡವರು, ಇಬ್ಬರೂ ದೇಶಕ್ಕಾಗಿ ಆಡಿದವರು, ಇಬ್ಬರೂ ತಮ್ಮ ಹಳೆಯ ಮನೆಗೆ ಗುರುಗಳಾಗಿ ಮರಳಿದವರು. ಅಂತರವಿದ್ದದ್ದು ಅವರ ಸುತ್ತಲಿನ ವ್ಯವಸ್ಥೆಯಲ್ಲಿ. ಹ್ವಾಂಗ್ ಆಡಿದ ಪೊಹಾಂಗ್ ಅವರು ಮರಳುವ ಹೊತ್ತಿಗೂ ಇತ್ತು, ಇಂದಿಗೂ ಇದೆ. ಚಾಪ್‌ಮನ್ ಮೆರೆದ ಜೆ.ಸಿ.ಟಿ., ಎಫ್.ಸಿ. ಕೊಚ್ಚಿನ್ ಎರಡೂ ಇಂದು ಹಳೆಯ ಛಾಯಾಚಿತ್ರಗಳಲ್ಲಿ ಮಾತ್ರ ಇವೆ. ಒಳ್ಳೆಯ ಆಟಗಾರನು ಒಳ್ಳೆಯ ಗುರುವಾಗಲು ಅವನ ಮನಸ್ಸೊಂದೇ ಸಾಲದು. ಅವನು ನಿಂತು ಕಲಿಸಲು ಉಳಿಯುವ ಮನೆಯೂ ಬೇಕು.

ಇನ್ನೊಂದು ವಿಷಯ. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸಬಲ್ಲರೆಂದು ಹೇಳಲಾಗದು. ಗಣಿತ ತಾನೇ ಬರುವವನಿಗೆ, ಬಾರದವನ ಕಷ್ಟ ತಿಳಿಯದಿರುವುದುಂಟು. ಆದ್ದರಿಂದಲೇ ಇಂದು ತರಬೇತುದಾರರಾಗಬೇಕೆಂಬವರು ಡಿ, ಸಿ, ಬಿ, ಎ, ಪ್ರೊ ಎಂಬ ಮೆಟ್ಟಿಲುಗಳ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು. ಯಾವ ವಯಸ್ಸಿನವರಿಗೆ ಎಷ್ಟು ಓಟ, ಯಾರನ್ನು ಎಲ್ಲಿ ನಿಲ್ಲಿಸಬೇಕು, ಸೋತ ಹುಡುಗನೊಡನೆ ಹೇಗೆ ಮಾತಾಡಬೇಕು, ಗಾಯವಾದಾಗ ಏನು ಮಾಡಬೇಕು ಇವೆಲ್ಲ ಅಲ್ಲಿನ ಪಾಠಗಳು. ಆಟಗಾರನಿಗೆ ತನ್ನೊಬ್ಬನ ಕಾಲು ತಿಳಿದರೆ ಸಾಕು. ಗುರುವಿಗೆ ಹನ್ನೊಂದು ಜನರ ಕಾಲೂ ಮನಸ್ಸೂ ತಿಳಿಯಬೇಕು. ಹೊರಗೆ ಕೂತ ಬದಲಿ ಆಟಗಾರನ ಮನಸ್ಸಂತೂ ಎಲ್ಲಕ್ಕಿಂತ ಮೊದಲು ತಿಳಿಯಬೇಕು.

ನಮ್ಮ ಮೈದಾನಕ್ಕೆ ಬರೋಣ

ನಮ್ಮ ಜಿಲ್ಲೆ ಕಾಲ್ಚೆಂಡಿಗೆ ಅಪರಿಚಿತವಲ್ಲ. ಕೊಯ್ಲಾದ ಬೈಲುಗದ್ದೆಗಳಲ್ಲಿ ಏಳೇಳು ಜನರ 'ಸೆವೆನ್ಸ್' ಪಂದ್ಯಗಳು ನಡೆದರೆ ಊರಿಗೆ ಊರೇ ಸೇರುತ್ತದೆ. ನಮ್ಮ ಜಿಲ್ಲೆಯ ದಕ್ಷಿಣದ ತೃಕ್ಕರಿಪುರದಿಂದ ಬಂದ ಸ್ಟ್ರೈಕರ್ ಮೊಹಮ್ಮದ್ ರಾಫಿ ಭಾರತ ತಂಡದಲ್ಲಿ ಆಡಿದರು. 2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯದಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಚೆಂಡು ಹೊಡೆದು ಗೋಲು ಗಳಿಸಿದವರು ಅವರೇ. ಆ ಚೆಂಡು ಬಂದದ್ದು ಮೂಲೆಯಿಂದ, ಮೆಹತಾಬ್ ಹುಸೇನ್ ಎಂಬ ಮಧ್ಯಪಂಕ್ತಿ ಆಟಗಾರನ ಕಾಲಿನಿಂದ. ನಮಗೆ ರಾಫಿಯ ಹೆಸರು ಗೊತ್ತು. ಕಾರ್ನರ್ ಕೊಟ್ಟವನ ಹೆಸರನ್ನೂ ಹೇಳುವ ಅಭ್ಯಾಸವನ್ನು ಇನ್ನು ಮುಂದೆ ಮಾಡಿಕೊಳ್ಳೋಣ.

ಸೆವೆನ್ಸ್ ಆಟದಲ್ಲಿ ಮೈದಾನ ಸಣ್ಣದು, ಜನ ಕಡಿಮೆ. ಒಬ್ಬನೇ ಚೆಂಡು ಹಿಡಿದು ನುಗ್ಗಿದರೂ ಕೆಲವೊಮ್ಮೆ ಗೋಲಾಗುತ್ತದೆ. ಹನ್ನೊಂದು ಜನರ ಆಟದಲ್ಲಿ ಅದು ನಡೆಯುವುದಿಲ್ಲ. ಬಯಲು ದೊಡ್ಡದು, ಉಸಿರು ಬೇಗ ಮುಗಿಯುತ್ತದೆ, ಕೊಡಲು ಬಾರದವನು ಕಳೆದುಕೊಳ್ಳುತ್ತಾನೆ. ಅಂತರಶಾಲಾ ಪಂದ್ಯಗಳಿಗೆ ಹೋದಾಗ ನಾವು ಸೋತದ್ದು ಓಡಲು ಬಾರದೆ ಅಲ್ಲ, ಕೊಡಲು ಬಾರದೆ. ಇದನ್ನು ನಾವು ಒಪ್ಪಿಕೊಳ್ಳಬೇಕು.

ಆದ್ದರಿಂದ ಈ ವರ್ಷ ನಾವು ಒಂದು ಸಣ್ಣ ನಿಯಮ ಮಾಡಿಕೊಂಡಿದ್ದೇವೆ. ವಾರದಲ್ಲಿ ಒಂದು ದಿನ ಹತ್ತನೆಯ ತರಗತಿಯವರು ಆಡುವುದಿಲ್ಲ. ಎಂಟನೆಯ ತರಗತಿಯವರಿಗೆ ಆಡಿಸುತ್ತಾರೆ. ಚೆಂಡು ನಿಲ್ಲಿಸುವುದು ಹೇಗೆ, ತಲೆಯೆತ್ತಿ ನೋಡುವುದು ಹೇಗೆ, ಎರಡೂ ಕಾಲುಗಳಿಂದ ಕೊಡುವುದು ಹೇಗೆ ಎಂದು ಹೇಳಿಕೊಡುತ್ತಾರೆ. ಮೊದಲ ವಾರ ಗೆರೆಯಾಚೆ ನಿಂತವರ ಕಾಲುಗಳು ತಡೆಯದೆ ಒಳಗೆ ನುಗ್ಗಿದವು! ಈಗ ನಿಲ್ಲಲು ಕಲಿತಿದ್ದೇವೆ. ನಿಂತು ನೋಡಿದಾಗ ಮಾತ್ರ ಕಾಣುವ ಎಷ್ಟೋ ತಪ್ಪುಗಳು ನಮ್ಮ ಆಟದಲ್ಲೂ ಇದ್ದವೆಂದು ತಿಳಿಯಿತು.

ನಮ್ಮಲ್ಲಿ ಎಲ್ಲರೂ ದೊಡ್ಡ ಆಟಗಾರರಾಗಲಾರೆವು. ಆದವರೂ ಮೂವತ್ತೈದಕ್ಕೆ ಬೂಟು ಬಿಚ್ಚಿಡಲೇಬೇಕು. ಆದರೆ ಕಲಿತದ್ದನ್ನು ಕಿರಿಯರಿಗೆ ಕಲಿಸಲು ವಯಸ್ಸಿನ ಮಿತಿಯಿಲ್ಲ. ಚಾಪ್‌ಮನ್ ಆಡಿದ ಕ್ಲಬ್ಬುಗಳಲ್ಲಿ ಎರಡು ಮುಚ್ಚಿದವು. ಅವರು ಶಿಲ್ಲಾಂಗಿನಲ್ಲಿ, ಬೆಂಗಳೂರಿನಲ್ಲಿ, ಕೋಝಿಕ್ಕೋಡಿನಲ್ಲಿ ಕಲಿಸಿದ ಹುಡುಗರಲ್ಲಿ ಯಾರಾದರೊಬ್ಬರು ಈ ಸಂಜೆ ಯಾವುದೋ ಮೈದಾನದಲ್ಲಿ ತನಗಿಂತ ಕಿರಿಯವನಿಗೆ ಚೆಂಡು ಕೊಡುವುದನ್ನು ಹೇಳಿಕೊಡುತ್ತಿರಬಹುದು. ಒಬ್ಬ ಆಟಗಾರನಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕ ಬೇರೊಂದಿಲ್ಲ ಎಂದು ನಮ್ಮ ನಂಬಿಕೆ.